ನಾಕೌಟ್ ಆದ ತಮ್ಮನಿಗೆ ಎರಡೇ ವಾರದಲ್ಲಿ ಮರುಪಂದ್ಯ ಕೇಳಬಹುದಾ?

ಬಾಕ್ಸಿಂಗ್‌ನಲ್ಲಿ ಚಿಕ್ಕಮಗಳೂರಿನ ಹುಡುಗನ ಎದುರು ಸೋತ ನಿಮ್ಮ ತಮ್ಮನ ಬಗ್ಗೆ ನೀವು ಬರೆದದ್ದು ನೋಡಿದರೆ, ಅವನು ಬಲಗೈ ಬೀಸಿದ ಮೇಲೆ ಅದು ಗಲ್ಲಕ್ಕೆ ವಾಪಸ್ ಬಂದಿಲ್ಲ. ಆ ಸಂದಿಯಲ್ಲೇ ಎದುರಾಳಿಯ ಎಡ ಹುಕ್ (ಪಕ್ಕದಿಂದ ಬೀಸುವ ಪಂಚ್) ಬಿದ್ದಿದೆ. ಸುಸ್ತಾಗಿ ಕೈ ಇಳಿಯಿತಾ, ಅಭ್ಯಾಸವೇ ಹಾಗಾ ಅಂತ ವಿಡಿಯೋ ನೋಡದೆ ಹೇಳಲಾರೆ. ಎರಡರಲ್ಲಿ ಯಾವುದಾದರೂ ಎರಡು ವಾರದಲ್ಲಿ ಸರಿಹೋಗುವುದಿಲ್ಲ. ಚಿಕ್ಕಮಗಳೂರಿನ ಆ ಹುಡುಗನ ಜೊತೆ ಮರುಪಂದ್ಯ ಈಗ ಬೇಡ.

ಮೊದಲು ಹಾಸನದಲ್ಲೇ ಹಿಮ್ಸ್ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ. ವಾಂತಿ, ಮಂಪರು, ಜಾಸ್ತಿಯಾಗುತ್ತಿರುವ ತಲೆನೋವು ಇದ್ದರೆ ಬೆಳಗಾಗುವ ತನಕ ಕಾಯಬೇಡಿ. ಅಮೆಚೂರ್ ಬಾಕ್ಸಿಂಗ್‌ನಲ್ಲಿ ತಲೆಗೆ ಏಟು ಬಿದ್ದು ನಾಕೌಟ್ ಆದರೆ ಕನಿಷ್ಠ 30 ದಿನ ಪಂದ್ಯವೂ ಇಲ್ಲ, ಸ್ಪಾರಿಂಗೂ (ಜೊತೆಗಾರನ ಜೊತೆ ಅಭ್ಯಾಸದ ಕಾದಾಟ) ಇಲ್ಲ. ಪ್ರಜ್ಞೆ ತಪ್ಪಿದ್ದರೆ ಇನ್ನೂ ಜಾಸ್ತಿ. ನಮ್ಮ ಹುಡುಗನೊಬ್ಬನನ್ನು ಹೀಗೆ ಕೂರಿಸಿದಾಗ ಅವನು ಅತ್ತುಬಿಟ್ಟ. ಆದರೂ ನಾನು ಒಪ್ಪಲಿಲ್ಲ.

ಡಾಕ್ಟರ್ ಹೂಂ ಅಂದ ಮೇಲೆ ಶ್ಯಾಡೋ (ಗಾಳಿಯಲ್ಲೇ ಪಂಚ್ ಅಭ್ಯಾಸ), ಆಮೇಲೆ ಪಂಚಿಂಗ್ ಬ್ಯಾಗ್, ಕೊನೆಗೆ ಸ್ಪಾರಿಂಗ್. ಪ್ರತಿ ಪಂಚ್ ಆದ ಮೇಲೂ ಕೈ ಗಲ್ಲಕ್ಕೆ ಬರಲೇಬೇಕು.

ಸೋತವನಿಗೆ ಇನ್ನೊಂದು ಅವಕಾಶ ಬೇಕು, ನಿಜ. ಹೆವಿವೇಟ್ ಬಾಕ್ಸರ್ ಲೆನಾಕ್ಸ್ ಲೂಯಿಸ್ 2001ರ ಏಪ್ರಿಲ್‌ನಲ್ಲಿ ರಹಮಾನ್ ಎದುರು ನಾಕೌಟ್ ಆಗಿ, ನವೆಂಬರ್‌ನಲ್ಲಿ ಅವನನ್ನೇ ಕೆಡವಿದ. ಆದರೆ ಅವಕಾಶ ಸಿಕ್ಕರಷ್ಟೇ ಸಾಲದು: ಇನ್ನೊಬ್ಬ ಹೆವಿವೇಟ್ ಬಾಕ್ಸರ್ ಪ್ಯಾಟರ್ಸನ್ 1962ರಲ್ಲೂ 1963ರಲ್ಲೂ ಲಿಸ್ಟನ್ ಎದುರು ಮೊದಲ ರೌಂಡಲ್ಲೇ ಬಿದ್ದ. ಸ್ಪಾರಿಂಗ್‌ನಲ್ಲಿ ಮೂರು ರೌಂಡ್ ಪೂರ್ತಿ ಕೈ ಇಳಿಯದೇ ಇದ್ದ ದಿನ, ಕೋಚ್ ಮೂಲಕ ಪಂದ್ಯ ಕೇಳಿ.