ಒಂದು ಕ್ವಾರ್ಟರ್ ಅಂದರೆ ಒಂದಲ್ಲ, ಆರು: ಕೌನ್ಸೆಲರ್‌ಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೌಟುಂಬಿಕ ಸಲಹಾ ಕೇಂದ್ರವೊಂದರಲ್ಲಿ ಕೌನ್ಸೆಲರ್ ಆಗಿದ್ದೇನೆ. ಗಂಡ ಹೆಂಡತಿ ಜಗಳ, ನಿದ್ದೆ ಇಲ್ಲ, ಕೆಲಸದಲ್ಲಿ ಮನಸ್ಸಿಲ್ಲ ಅಂತ ಜನ ಬರುತ್ತಾರೆ. ಮೂರ್ನಾಲ್ಕು ಸಲ ಬಂದುಹೋದ ಮೇಲೆ ಯಾವಾಗಲೋ ಕುಡಿತದ ವಿಷಯ ಹೊರಗೆ ಬರುತ್ತದೆ. ಮೊದಲೇ ಕೇಳಿದರೆ ‘ಏನಿಲ್ಲ ಮೇಡಂ, ಯಾವಾಗ್ಲೋ ಸ್ವಲ್ಪ’ ಅಂತಾರೆ. ಕುಡಿತ ಎಷ್ಟು ಅಪಾಯದ್ದು ಅಂತ ಅಳೆಯುವ ಆಡಿಟ್ (AUDIT) ಪ್ರಶ್ನಾವಳಿ ತುಂಬಿಸಿದರೂ ಸ್ಕೋರ್ ಕಡಿಮೆಯೇ ಬರುತ್ತದೆ. ಎಲ್ಲಿ ತಪ್ಪುತ್ತಿದೆ? – ಕೌನ್ಸೆಲರ್, ಹಾಸನ

ಉತ್ತರ: ಮೊದಲು ಆ ಸ್ಕೋರ್ ಯಾಕೆ ಕಡಿಮೆ ಬರುತ್ತಿದೆ ಅಂತ ನೋಡೋಣ. ಎಲ್ಲರೂ ಸುಳ್ಳು ಹೇಳುತ್ತಾರೆ ಅಂತ ನನಗೆ ಅನಿಸುವುದಿಲ್ಲ. ಲೆಕ್ಕ ಹಾಕುವುದರಲ್ಲೇ ಎಡವಟ್ಟಾಗುತ್ತಿರಬಹುದು.

ಆಡಿಟ್ ವಿಶ್ವ ಆರೋಗ್ಯ ಸಂಸ್ಥೆ ಮಾಡಿದ ಹತ್ತು ಪ್ರಶ್ನೆಗಳ ಪಟ್ಟಿ, ಒಟ್ಟು 40 ಅಂಕ. ಅದರಲ್ಲಿ ‘ಎಷ್ಟು ಡ್ರಿಂಕ್ಸ್’ ಅಂತ ಕೇಳುವಾಗ ಒಂದು ಡ್ರಿಂಕ್ ಅಂದರೆ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ನಿಮ್ಮ ಮುಂದೆ ಕೂತವರು ಗ್ರಾಂ ಕುಡಿಯುವುದಿಲ್ಲ, ಕ್ವಾರ್ಟರ್ ಕುಡಿಯುತ್ತಾರೆ. 180 ಎಂಎಲ್ ವಿಸ್ಕಿ ಅಥವಾ ರಮ್, ಶೇ 42.8 ಅಂತ ಬಾಟಲಿ ಮೇಲೆ ಬರೆದಿರುತ್ತದೆ. ಅದರಲ್ಲಿ ಆಲ್ಕೋಹಾಲ್ ಸುಮಾರು 77 ಎಂಎಲ್, ತೂಕದಲ್ಲಿ 60 ಗ್ರಾಂ ದಾಟುತ್ತದೆ. ಅಂದರೆ ಆರು ಡ್ರಿಂಕ್. ನೈಂಟಿ ಪ್ಯಾಕೆಟ್ ಒಂದಕ್ಕೆ ಮೂರು. 650 ಎಂಎಲ್ ಸ್ಟ್ರಾಂಗ್ ಬಿಯರ್, ಶೇ 8 ಇದ್ದರೆ ನಾಲ್ಕು.

ಈಗ ದಿನಾ ಸಂಜೆ ಒಂದು ಕ್ವಾರ್ಟರ್ ಹಾಕುವ ಒಬ್ಬರನ್ನು ತೆಗೆದುಕೊಳ್ಳಿ. ‘ಎಷ್ಟು?’ ಅಂದರೆ ‘ಒಂದು’ ಅಂತಾರೆ, ನೀವೂ ಒಂದು ಅಂತಲೇ ಗುರುತು ಹಾಕುತ್ತೀರಿ. ಮೊದಲ ಪ್ರಶ್ನೆಗೆ, ಅಂದರೆ ವಾರಕ್ಕೆ ಎಷ್ಟು ಸಲ ಅನ್ನುವುದಕ್ಕೆ, 4 ಅಂಕ. ಎರಡನೆಯದಕ್ಕೆ 0. ಆರು ಅಥವಾ ಅದಕ್ಕಿಂತ ಜಾಸ್ತಿ ಎಷ್ಟು ಸಲ ಅನ್ನುವ ಮೂರನೆಯದಕ್ಕೂ 0. ಒಟ್ಟು 4. ಸರಿಯಾಗಿ ಲೆಕ್ಕ ಹಾಕಿದರೆ 4, 2, 4, ಅಂದರೆ ಮೂರೇ ಪ್ರಶ್ನೆಗೆ 10. ಎಂಟರಿಂದಲೇ ಅಪಾಯದ ಕುಡಿತ ಅಂತ ಲೆಕ್ಕ, ಹೆಂಗಸರಿಗೆ ಮತ್ತು 65 ದಾಟಿದವರಿಗೆ ಏಳಕ್ಕೇ ಎಚ್ಚರ ಬೇಕು. ಅದೇ ಮನುಷ್ಯ, ಅದೇ ಬಾಟಲಿ, ಒಂದು ಫೈಲಿನಲ್ಲಿ ‘ಪರವಾಗಿಲ್ಲ’, ಇನ್ನೊಂದರಲ್ಲಿ ‘ಕೂರಿಸಿ ಮಾತಾಡಬೇಕು’.

ಹಾಗಾಗಿ ‘ಡ್ರಿಂಕ್’ ಅಂತ ಕೇಳಲೇ ಬೇಡಿ. ‘ಯಾವುದು ತಗೋತೀರಾ? ನೈಂಟಿನಾ, ಕ್ವಾರ್ಟರಾ? ಒಬ್ಬರೇನಾ, ಶೇರ್ ಮಾಡ್ತೀರಾ? ಒಂದು ಖಾಲಿಯಾದ ಮೇಲೆ ಇನ್ನೊಂದು ತರಿಸ್ತೀರಾ?’ ಅಂತ ಕೇಳಿ, ಡ್ರಿಂಕ್ ಲೆಕ್ಕ ನೀವು ಹಾಕಿಕೊಳ್ಳಿ. ಜನ ಬ್ರ್ಯಾಂಡ್ ಸಮೇತ ಹೇಳುತ್ತಾರೆ. ‘ಶನಿವಾರ ಒಂದು ಹಾಫ್ ಆಗುತ್ತಾ?’ ಅಂತ ಸ್ವಲ್ಪ ಮೇಲಿನಿಂದಲೇ ಕೇಳಿದರೆ ‘ಇಲ್ಲ ಮೇಡಂ, ಅಷ್ಟಿಲ್ಲ, ಒಂದೂವರೆ ಕ್ವಾರ್ಟರ್’ ಅಂತ ನಿಜ ಹೊರಬೀಳುತ್ತದೆ.

ಇನ್ನು ಯಾವಾಗ ಕೇಳಬೇಕು ಅನ್ನುವುದು. ಮೊದಲ ದಿನವೇ, ಬಂದ ಎಲ್ಲರಿಗೂ. ನೋಡಿದರೆ ಕುಡಿಯುವವರ ಹಾಗೆ ಕಾಣುವವರಿಗೆ ಮಾತ್ರ ಕೇಳುವುದು ನಮ್ಮಲ್ಲಿ ದೊಡ್ಡ ರೋಗ. ಟೀಚರಮ್ಮನಿಗೆ, ರಿಟೈರ್ಡ್ ಹೆಡ್‌ಮಾಸ್ಟರಿಗೆ ಯಾರೂ ಕೇಳುವುದಿಲ್ಲ. ‘ಇಲ್ಲಿ ಎಲ್ಲರಿಗೂ ಕೇಳುವ ಕೆಲವು ಪ್ರಶ್ನೆಗಳಿವೆ, ನಿಮಗೂ ಕೇಳಲಾ?’ ಅಂತ ಒಪ್ಪಿಗೆ ತಗೊಳ್ಳಿ. ಊಟ, ನಿದ್ದೆ, ಕಾಫಿಯಿಂದ ಶುರು ಮಾಡಿ, ಎಲೆಅಡಿಕೆ, ಕಡ್ಡಿಪುಡಿ, ಬೀಡಿ, ಆಮೇಲೆ ಕುಡಿತ, ಆಮೇಲೆ ನಿದ್ದೆ ಮಾತ್ರೆ, ನೋವಿನ ಮಾತ್ರೆ, ಕೆಮ್ಮಿನ ಸಿರಪ್, ಕೊನೆಗೆ ಗಾಂಜಾ. ಮಾತ್ರೆಯನ್ನು ಮಾತ್ರ ಮರೆಯಬೇಡಿ. ‘ಡಾಕ್ಟರ್ ಒಂದು ವಾರಕ್ಕೆ ಬರೆದುಕೊಟ್ಟಿದ್ದು, ಮೂರು ವರ್ಷದಿಂದ ಅದೇ ಚೀಟಿ’ ಅನ್ನುವವರು ತಮಗೊಂದು ಚಟ ಇದೆ ಅಂತ ಅಂದುಕೊಂಡೇ ಇರುವುದಿಲ್ಲ. ಒಂದಕ್ಕಿಂತ ಜಾಸ್ತಿ ಇದ್ದರೆ ಆಡಿಟ್ ಸಾಲದು, ಅದೇ ಸಂಸ್ಥೆಯ ಅಸಿಸ್ಟ್ ಬಳಸಿ. ಎಂಟು ಪ್ರಶ್ನೆ, ತಂಬಾಕಿನಿಂದ ಹಿಡಿದು ಒಂದೊಂದಕ್ಕೂ ಬೇರೆ ಬೇರೆ ಅಂಕ ಬರುತ್ತದೆ.

ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಇದನ್ನೆಲ್ಲ ಕೇಳಬೇಡಿ. ಅವರ ಮುಂದೆ ಇವರು ಹೇಳಿದ ಮಾತಿಗೆ ಮನೆಯಲ್ಲಿ ಏಟು ಬೀಳಬಹುದು. ಬೇರೆ ಬೇರೆ ಕೂರಿಸಿ. ಮನೆಯವರ ಜೊತೆ ಒಂಟಿಯಾಗಿ ಮಾತಾಡುವಾಗ ಇನ್ನೊಂದು ಪ್ರಶ್ನೆ ಇರಲಿ: ‘ಕುಡಿತ ಬಿಡಿಸೋಕೆ ಅಂತ ಊಟದಲ್ಲಿ ಏನಾದರೂ ಪುಡಿ, ಮಾತ್ರೆ ಬೆರೆಸಿ ಕೊಡ್ತಿದ್ದೀರಾ?’ ನಮ್ಮ ಕಡೆ ಇದು ಅಪರೂಪ ಏನಲ್ಲ. ಅದು ಕುಡಿತ ಬಿಡಿಸಲು ಡಾಕ್ಟರ್ ಕೊಡುವ ಡೈಸಲ್ಫಿರಾಂ ಮಾತ್ರೆ ಆಗಿದ್ದು, ಗೊತ್ತಿಲ್ಲದೆ ಅವರು ಅದರ ಮೇಲೆ ಕುಡಿದರೆ ಬಿಪಿ ಪೂರ್ತಿ ಕುಸಿದು ಜೀವಕ್ಕೇ ಕುತ್ತು ಬರಬಹುದು. ಬೈಯಬೇಡಿ, ಸೋತು ಸುಣ್ಣವಾಗಿ ಮಾಡಿರುತ್ತಾರೆ. ಆದರೆ ಅವತ್ತೇ ನಿಲ್ಲಿಸಲು ಹೇಳಿ, ಡಾಕ್ಟರಿಗೆ ತಿಳಿಸಿ.

ಪ್ರಶ್ನೆ: 38 ವರ್ಷದ ಕ್ಲೈಂಟ್ ಒಬ್ಬರ ಆಡಿಟ್ ಸ್ಕೋರ್ 17. ತುಂಬ ಬೇಜಾರಿನಲ್ಲಿದ್ದಾರೆ, ಅಳುತ್ತಾರೆ. ಫೈಲಿನಲ್ಲಿ ‘ಆಲ್ಕೋಹಾಲ್ ಡಿಪೆಂಡೆನ್ಸ್’ (ಕುಡಿತದ ಅವಲಂಬನೆ) ಅಂತ ಬರೆಯಬಹುದಾ? ಡಿಪ್ರೆಷನ್‌ನಿಂದ ಕುಡಿತವೋ, ಕುಡಿತದಿಂದ ಡಿಪ್ರೆಷನ್ನೋ ಹೇಗೆ ತಿಳಿಯುವುದು? ಅವರ ಅಣ್ಣ ‘ದೇವರ ಮೇಲೆ ಆಣೆ ಮಾಡಿಸಿ ನಾಳೆಯಿಂದಲೇ ಬಿಡಿಸ್ತೀವಿ’ ಅಂತಿದ್ದಾರೆ. – ಎಂಎಸ್‌ಡಬ್ಲ್ಯೂ ಮುಗಿಸಿದ ಹೊಸ ಕೌನ್ಸೆಲರ್, ದಾವಣಗೆರೆ

ಉತ್ತರ: ಕೊನೆಯದಕ್ಕೆ ಮೊದಲು ಉತ್ತರ, ಅದು ತುರ್ತು. ಅಣ್ಣನಿಗೆ ಸ್ವಲ್ಪ ತಡೆಯಲು ಹೇಳಿ. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಆರು ಗಂಟೆಯಿಂದ ಒಂದು ದಿನದೊಳಗೆ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಹಗಲು ರಾತ್ರಿ ಗೊತ್ತಾಗದೆ, ಇಲ್ಲದ್ದು ಕಂಡು, ಯಾರೋ ಹೊಡೆಯೋಕೆ ಬಂದರು ಅಂತ ಓಡುವ ಸ್ಥಿತಿ ಬರುತ್ತದೆ. ಇದು ಸಾವಿನವರೆಗೂ ಹೋಗಬಹುದು. ಹಾಗಾಗಿ ಮೂರು ವಿಷಯ ಇವತ್ತೇ ಕೇಳಿ. ಕೊನೇ ಸಲ ಕುಡಿದದ್ದು ಯಾವಾಗ? ಬೆಳಿಗ್ಗೆ ಎದ್ದಾಗ ಕೈ ನಡುಗಿ, ಒಂದು ಪೆಗ್ ಹಾಕಿದರೆ ಸರಿಹೋಗುತ್ತದಾ? ಹಿಂದೆ ಬಿಟ್ಟಾಗ ಫಿಟ್ಸ್ ಆಗಿತ್ತಾ, ಏನೇನೋ ಮಾತಾಡಿದ್ದರಾ? ಕೊನೆಯ ಎರಡರಲ್ಲಿ ಯಾವುದಕ್ಕಾದರೂ ಹೌದು ಅಂದರೆ ಬಿಡಿಸುವ ಕೆಲಸ ಆಸ್ಪತ್ರೆಯಲ್ಲೇ ಆಗಬೇಕು. ಮದ್ಯವರ್ಜನ ಶಿಬಿರಕ್ಕೆ ಕಳಿಸುವುದಾದರೂ ಡಾಕ್ಟರಿಗೆ ಮೊದಲು ತೋರಿಸಿ.

ಇನ್ನು 17. ಆಡಿಟ್ ಜರಡಿ ಇದ್ದ ಹಾಗೆ, ಯಾರನ್ನು ಇನ್ನೂ ಹತ್ತಿರದಿಂದ ನೋಡಬೇಕು ಅಂತ ಹೇಳುತ್ತದೆ, ಅಷ್ಟೇ. ಕೈಪಿಡಿ ಪ್ರಕಾರ 16ರಿಂದ 19 ಬಂದರೆ ಚುಟುಕು ಸಲಹೆ ಕೊಟ್ಟು ಗಮನಿಸುತ್ತಿರಬೇಕು, 20 ಅಥವಾ ಜಾಸ್ತಿ ಬಂದರೆ ಪೂರ್ತಿ ತಪಾಸಣೆಗೆ ಕಳಿಸಬೇಕು. ಆದರೆ ಒಟ್ಟು ಅಂಕ ನೋಡಿ ಸುಮ್ಮನಾಗಬೇಡಿ. 4, 5, 6ನೇ ಪ್ರಶ್ನೆಗಳಿಗೆ ಏನು ಹೇಳಿದ್ದಾರೆ ನೋಡಿ. ಶುರು ಮಾಡಿದರೆ ನಿಲ್ಲಿಸೋಕಾಗದಿರುವುದು, ಮಾಡಬೇಕಾದ ಕೆಲಸ ತಪ್ಪುವುದು, ಬೆಳಿಗ್ಗೆ ಎದ್ದು ಹಾಕುವುದು, ಇವು ಮೂರೂ ಡಿಪೆಂಡೆನ್ಸ್ ಕಡೆ ಬೆರಳು ತೋರಿಸುವ ಪ್ರಶ್ನೆಗಳು. ಅಲ್ಲಿ ಅಂಕ ತುಂಬಿದ್ದರೆ 17 ಆದರೂ ಕಳಿಸಿ.

ಡಯಾಗ್ನೋಸಿಸ್ ಬೇರೆಯೇ ಕೆಲಸ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-10ರ ಪ್ರಕಾರ ಆರು ಲಕ್ಷಣಗಳಲ್ಲಿ ಮೂರಾದರೂ ಕಳೆದ ಒಂದು ವರ್ಷದಲ್ಲಿ ಒಟ್ಟಿಗೆ ಇರಬೇಕು: ತಡೆಯಲಾಗದ ಆಸೆ, ಹತೋಟಿ ತಪ್ಪುವುದು, ಬಿಟ್ಟರೆ ಮೈಗೆ ಆಗದಿರುವುದು, ಅದೇ ಕಿಕ್ಕಿಗೆ ಮೊದಲಿಗಿಂತ ಜಾಸ್ತಿ ಬೇಕಾಗುವುದು, ಬೇರೆ ಎಲ್ಲದರಲ್ಲೂ ಆಸಕ್ತಿ ಹೋಗುವುದು, ಹಾಳಾಗುತ್ತಿದೆ ಅಂತ ಗೊತ್ತಿದ್ದೂ ಮುಂದುವರಿಸುವುದು. 2022ರಿಂದ ಜಾರಿಗೆ ಬಂದಿರುವ ಐಸಿಡಿ-11 ಇವನ್ನೇ ಮೂರು ಗುಂಪು ಮಾಡಿ ಎರಡಿದ್ದರೆ ಸಾಕು ಅನ್ನುತ್ತದೆ. ಅಮೆರಿಕದ ಮನೋವೈದ್ಯರ ಸಂಘದ 2013ರ ಕೈಪಿಡಿ ಡಿಎಸ್‌ಎಂ-5ರಲ್ಲಿ ಲಕ್ಷಣ ಹನ್ನೊಂದು. ಎರಡು ಮೂರಿದ್ದರೆ ಸೌಮ್ಯ, ನಾಲ್ಕೈದಿದ್ದರೆ ಮಧ್ಯಮ, ಆರು ಅಥವಾ ಜಾಸ್ತಿ ಇದ್ದರೆ ತೀವ್ರ. ಇದನ್ನು ನಿರ್ಧರಿಸಿ ಬರೆಯುವುದು ಸೈಕಿಯಾಟ್ರಿಸ್ಟ್ ಅಥವಾ ಕ್ಲಿನಿಕಲ್ ಸೈಕಾಲಜಿಸ್ಟ್ ಕೆಲಸ. ನೀವು ಬರೆಯಬೇಕಾದ್ದು ಕಂಡದ್ದು, ಕೇಳಿದ್ದು: ‘ಆಡಿಟ್ 17. ದಿನಾ ಸುಮಾರು 270 ಎಂಎಲ್ ರಮ್, ಎರಡು ವರ್ಷದಿಂದ. ಬೆಳಿಗ್ಗೆ ಕೈ ನಡುಕ. ಕಳೆದ ತಿಂಗಳು ಎರಡು ಸಲ ಕೆಲಸ ತಪ್ಪಿದೆ. ಹೆಚ್ಚಿನ ತಪಾಸಣೆ ಬೇಕು.’ ಕಳಿಸಿಕೊಟ್ಟ ಕಡೆ ಡಾಕ್ಟರಿಗೆ ಹಣೆಪಟ್ಟಿಗಿಂತ ಈ ನಾಲ್ಕು ಸಾಲು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಬೇಜಾರು ಮೊದಲೋ ಕುಡಿತ ಮೊದಲೋ ಅನ್ನುವುದಕ್ಕೆ ಒಂದು ಹಾಳೆ ತಗೊಂಡು ವರ್ಷಗಳ ಗೆರೆ ಎಳೆಯಿರಿ. ಕುಡಿತ ಶುರುವಾದದ್ದು, ಜಾಸ್ತಿಯಾದದ್ದು, ಬೇಜಾರು ಶುರುವಾದದ್ದು, ಎಲ್ಲ ಅದರ ಮೇಲೆ ಹಾಕಿ. ಆಮೇಲೆ ಕುಡಿಯದೇ ಇದ್ದ ದಿನಗಳನ್ನು ಹುಡುಕಿ. ನಮ್ಮಲ್ಲಿ ಇದಕ್ಕೆ ಒಳ್ಳೆ ದಾರಿ ಇದೆ: ‘ಅಯ್ಯಪ್ಪನ ಮಾಲೆ ಹಾಕಿದ್ದೀರಾ? ಶ್ರಾವಣದಲ್ಲಿ ಮುಟ್ಟಲ್ವಾ? ಆಗ ಹೇಗಿರ್ತೀರಾ?’ 41 ದಿನ ಕುಡಿಯದೇ ಇದ್ದಾಗ ಮನಸ್ಸು ಗೆಲುವಾಗಿತ್ತು, ನಿದ್ದೆ ಸರಿಯಿತ್ತು ಅಂದರೆ ಬೇಜಾರಿನ ದೊಡ್ಡ ಪಾಲು ಕುಡಿತದ್ದೇ ಇರಬಹುದು. ಕುಡಿತ ಬಿಟ್ಟು ಸುಮಾರು ಒಂದು ತಿಂಗಳಾದರೂ ಹಾಗೇ ಉಳಿದಿದ್ದರೆ ಡಿಪ್ರೆಷನ್ ಬೇರೆಯಾಗಿಯೇ ಇದೆ ಅಂತ ಅನುಮಾನ ಪಡಬೇಕು. ಮಾಲೆ ಹಾಕಿದ ಮೊದಲ ಮೂರು ದಿನ ಹೇಗಿತ್ತು ಅಂತಲೂ ಕೇಳಿ, ನಡುಕದ ವಿಷಯ ಅಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ: ‘ಮಾಲೆ ಹಾಕಿದಾಗ ಬಿಟ್ಟಿದ್ದೆ, ಅಂದ್ಮೇಲೆ ನಂಗೇನೂ ಚಟ ಇಲ್ಲ’ ಅನ್ನುವ ವಾದಕ್ಕೆ ಬೀಳಬೇಡಿ. ಮಾಲೆ ತೆಗೆದ ರಾತ್ರಿ ಎಷ್ಟು ಕುಡಿದರು ಅಂತ ಕೇಳಿ.

ಕಾರಣ ಯಾವುದೇ ಇರಲಿ, ಕುಡಿತ ಮತ್ತು ಬೇಜಾರು ಒಟ್ಟಿಗೆ ಇದ್ದರೆ ಸಾಯುವ ಯೋಚನೆ ಬಗ್ಗೆ ನೇರವಾಗಿ ಕೇಳಲೇಬೇಕು. ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗಾಗುತ್ತದೆ ಅನ್ನುವುದು ತಪ್ಪು ಕಲ್ಪನೆ. ‘ಹೌದು’ ಅಂದರೆ ಒಬ್ಬರನ್ನೇ ಮನೆಗೆ ಕಳಿಸಬೇಡಿ, ಮನೆಯವರನ್ನು ಕರೆಸಿ ಅವತ್ತೇ ಆಸ್ಪತ್ರೆಗೆ ಕಳಿಸಿ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ನಂಬರನ್ನು ಚೀಟಿಯಲ್ಲಿ ಬರೆದುಕೊಡಿ.

ಪ್ರಶ್ನೆ: ಪಿಯು ಕಾಲೇಜಿನಲ್ಲಿ ಆಪ್ತಸಮಾಲೋಚಕಿ. ಹುಡುಗನೊಬ್ಬ ಗಾಂಜಾ ಸೇದುತ್ತಾನೆ ಅಂತ ಗುಮಾನಿ. ಪ್ರಿನ್ಸಿಪಾಲರು ‘ಯೂರಿನ್ ಟೆಸ್ಟ್ ಮಾಡಿಸಿ ರಿಪೋರ್ಟ್ ಕೊಡಿ’ ಅಂತಿದ್ದಾರೆ. – ಮಂಗಳೂರು

ಉತ್ತರ: ಟೆಸ್ಟ್‌ನಿಂದ ಅವರಿಗೆ ಬೇಕಾದ ಉತ್ತರ ಸಿಗುವುದಿಲ್ಲ. ದಿನಾ ಸೇದುವವರ ಮೂತ್ರದಲ್ಲಿ ಗಾಂಜಾ ವಾರಗಟ್ಟಲೆ ಕಾಣುತ್ತದೆ, ಬಿಟ್ಟ ಮೇಲೂ ಪಾಸಿಟಿವ್ ಬರಬಹುದು. ಇನ್ನೊಂದು ಕಡೆ, ಟ್ರಮಡಾಲ್, ಟಪೆಂಟಡಾಲ್ ತರದ ನೋವಿನ ಮಾತ್ರೆಗಳು ಅಫೀಮು ತರದ್ದನ್ನು ಪತ್ತೆ ಮಾಡುವ ಮಾಮೂಲಿ ಓಪಿಯೇಟ್ ಸ್ಟ್ರಿಪ್‌ಗೆ ಸಿಗುವುದೇ ಇಲ್ಲ. ಪಾಸಿಟಿವ್ ಬಂದರೂ ಬಳಸಿದ್ದಾನೆ ಅಂತ ಗೊತ್ತಾಗುತ್ತದೆಯೇ ಹೊರತು ಒಮ್ಮೆ ಸೇದಿ ನೋಡಿದವನೋ, ಅದಿಲ್ಲದೆ ಇರಲಾಗದವನೋ ಅಂತ ಅಲ್ಲ. ಮೇಲಾಗಿ, ಒಮ್ಮೆ ಹುಡುಗನನ್ನು ಬಾಟಲಿ ಕೊಟ್ಟು ಬಾತ್‌ರೂಮಿಗೆ ಕಳಿಸಿದರೆ ಅವನು ಮತ್ತೆ ನಿಮ್ಮ ಕೋಣೆಗೆ ಬರುವುದಿಲ್ಲ, ಅವನ ಫ್ರೆಂಡ್ಸೂ ಬರುವುದಿಲ್ಲ.

ಈ ವಯಸ್ಸಿಗೆ ಕ್ರಾಫ್ಟ್ (CRAFFT) ಅನ್ನುವ ಪ್ರಶ್ನಾವಳಿ ಇದೆ, 12ರಿಂದ 21 ವರ್ಷದವರಿಗೆ. ನಶೆಯಲ್ಲಿದ್ದವರ ಗಾಡಿಯಲ್ಲಿ ಹೋಗಿದ್ದೀಯಾ, ಒಬ್ಬನೇ ಇದ್ದಾಗಲೂ ಬಳಸುತ್ತೀಯಾ, ಮಾಡಿದ್ದು ಮರೆತುಹೋಗುತ್ತಾ, ಮನೆಯವರೋ ಗೆಳೆಯರೋ ಕಡಿಮೆ ಮಾಡು ಅಂದಿದ್ದಾರಾ, ಈ ತರದ್ದು. ಎರಡಕ್ಕೆ ಹೌದು ಬಂದರೆ ಮುಂದಿನ ತಪಾಸಣೆ ಬೇಕು. ಆದರೆ ಪ್ರಶ್ನೆಗೆ ಮೊದಲು ಗುಟ್ಟಿನ ಗಡಿ ಎಲ್ಲಿ ಅಂತ ಅವನಿಗೆ ಹೇಳಿಬಿಡಿ: ‘ನಿನ್ನ ಜೀವಕ್ಕೋ ಇನ್ನೊಬ್ಬರ ಜೀವಕ್ಕೋ ಅಪಾಯ ಅನಿಸಿದರೆ ನಾನು ಮನೆಯವರಿಗೆ ಹೇಳಲೇಬೇಕು, ಉಳಿದದ್ದು ಪ್ರಿನ್ಸಿಪಾಲ್ ಟೇಬಲ್‌ಗೆ ಹೋಗಲ್ಲ.’ ಹೇಳಿದ ಮೇಲೆ ಹಾಗೇ ನಡೆದುಕೊಳ್ಳಿ. ಚಿಕಿತ್ಸೆ ಬೇಕಾದರೆ, ಅವನಿನ್ನೂ 18 ಆಗದಿದ್ದರೆ, ತಂದೆ ತಾಯಿಯನ್ನು ಒಳಗೆ ತರಬೇಕಾಗುತ್ತದೆ; ಅದನ್ನು ಅವನ ಜೊತೆ ಕೂತೇ ಪ್ಲ್ಯಾನ್ ಮಾಡಿ.

ಪ್ರಿನ್ಸಿಪಾಲರು ಪೊಲೀಸ್ ಅಂತ ಹೆದರಿಸಿದರೆ ಅವರಿಗೊಂದು ವಿಷಯ ಗೊತ್ತಿರಲಿ: ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಅಂತ ಒಂದು ಸೆಕ್ಷನ್ ಇದೆ. ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದರೆ, ಸೇವನೆ ಮತ್ತು ಸಣ್ಣ ಪ್ರಮಾಣದ ಪ್ರಕರಣಗಳಲ್ಲಿ ಷರತ್ತಿನ ಮೇಲೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಚಿಕಿತ್ಸೆಯನ್ನು ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹೋಗಬಹುದು. ರಿಪೋರ್ಟ್ ಕೇಳಿದರೆ ‘ವಿದ್ಯಾರ್ಥಿ ಸಮಾಲೋಚನೆಗೆ ಬರುತ್ತಿದ್ದಾನೆ’ ಅಂತ ಅವನ ಒಪ್ಪಿಗೆ ತಗೊಂಡು ಒಂದು ಸಾಲು ಕೊಡಿ, ಅದಕ್ಕಿಂತ ಜಾಸ್ತಿ ಬೇಡ.