ಹಗೇವಿಗೆ ಇಳಿಯುವ ಮೊದಲು ತಾತ ಲಾಟೀನು ಇಳಿಬಿಡುತ್ತಿದ್ದದ್ದು ಯಾಕೆ?

ಒಳಗೆ ಉಸಿರಾಡಲು ಆಗುವಷ್ಟು ಗಾಳಿ ಇದೆಯಾ ಅಂತ ನೋಡಲು. ದೀಪ ಆರಿದರೆ ಯಾರೂ ಇಳಿಯುವಂತಿರಲಿಲ್ಲ.

ಹಗೇವು ಅಂದರೆ ರಾಗಿ ತುಂಬಿಡಲು ನೆಲದೊಳಗೆ ತೋಡಿದ ಗುಂಡಿ. ಬಾಯಿ ಕಿರಿದು, ಒಳಗೆ ಅಗಲ. ಮೇಲೆ ಚಪ್ಪಡಿ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ರಾಗಿ ಕಾಳಿಗೂ ಜೀವ ಇದೆ ಅಲ್ವಾ, ಅದೂ ಉಸಿರಾಡುತ್ತದೆ. ಕಾಳು, ಹುಳ ಎಲ್ಲ ಸೇರಿ ಒಳಗಿನ ಆಮ್ಲಜನಕವನ್ನು ಬಳಸಿಕೊಂಡು ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಈ ಅನಿಲ ಗಾಳಿಗಿಂತ ಭಾರ, ಗುಂಡಿಯಲ್ಲೇ ನಿಲ್ಲುತ್ತದೆ. ಹುಳ ಸಾಯುತ್ತವೆ, ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಮನುಷ್ಯ ಇಳಿದರೆ ಅವನಿಗೂ ಅದೇ ಗತಿ.

ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ ಸುಮಾರು 21 ಭಾಗ. ಅದು 16ರ ಹತ್ತಿರ ಬಂದರೆ ದೀಪ ಆರುತ್ತದೆ.

ನಮ್ಮ ತಾತ ಕಲ್ಲು ಸರಿಸಿ ಅರ್ಧ ದಿನ ಹಾಗೇ ಬಿಡುತ್ತಿದ್ದರು. ಆಮೇಲೆ ಹಗ್ಗಕ್ಕೆ ಲಾಟೀನು ಕಟ್ಟಿ, ನಿಧಾನಕ್ಕೆ ತಳ ಮುಟ್ಟಿಸಿ, ಬಗ್ಗಿ ನೋಡುತ್ತಿದ್ದರು. ಮಕ್ಕಳು ನಾವು ಹತ್ತಿರ ಹೋದರೆ ಅಜ್ಜಿ ರಟ್ಟೆ ಹಿಡಿದು ಎಳೆಯುತ್ತಿದ್ದರು. ನಿಮ್ಮೂರಲ್ಲಿ ಹಳೇ ಹಗೇವು ಇನ್ನೂ ಇದ್ದರೆ, ದೀಪ ಉರಿಯಿತು ಅಂತ ಅಷ್ಟಕ್ಕೇ ನಂಬಿ ಇಳಿಯಬೇಡಿ. ಬೇರೆ ವಿಷಗಾಳಿ ಇದ್ದರೆ ದೀಪಕ್ಕೆ ಗೊತ್ತಾಗುವುದಿಲ್ಲ.