ಮಲಗುವ ಮುನ್ನ ಎರಡು ಪೆಗ್: ನಡುರಾತ್ರಿಯ ಎಚ್ಚರ, ಬೆಳಗಿನ ಹುಳಿತೇಗು

ಪ್ರಶ್ನೆ: ನನಗೆ 54 ವರ್ಷ. ಬೇಗ ನಿದ್ರೆ ಬರಲೆಂದು ಕೆಲವು ತಿಂಗಳಿಂದ ರಾತ್ರಿ ಹತ್ತರ ಸುಮಾರಿಗೆ ಎರಡು ಲಾರ್ಜ್ ಪೆಗ್ ವಿಸ್ಕಿ ಕುಡಿದು, ಊಟ ಮುಗಿಸಿ ಮಲಗುತ್ತಿದ್ದೇನೆ. ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಬೆಳಿಗ್ಗೆ ಎದೆಯುರಿ, ಹುಳಿತೇಗು. ಮಿತವಾಗಿ ಕುಡಿದರೆ ತೊಂದರೆಯಿಲ್ಲ ಎನ್ನುತ್ತಾರೆ. ಹಾಗಾದರೆ ಇದು ಬೇರೆ ಕಾಯಿಲೆಯೇ?

ಉತ್ತರ: ನೀವು ಹೇಳಿರುವ ಎರಡೂ ತೊಂದರೆಗಳಿಗೆ ಮೂಲ ಬಹುಮಟ್ಟಿಗೆ ಆ ಎರಡು ಪೆಗ್‌ಗಳೇ ಇರಬೇಕು. ಮೊದಲು ಲೆಕ್ಕ ನೋಡೋಣ. ನಮ್ಮಲ್ಲಿ ಸಿಗುವ ವಿಸ್ಕಿಯಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಮದ್ಯಸಾರವಿರುವುದರಿಂದ, 60 ಮಿ.ಲೀ.ನ ಒಂದು ಪೆಗ್‌ನಲ್ಲಿ ಸುಮಾರು 20 ಗ್ರಾಂ, ಎರಡರಲ್ಲಿ 40 ಗ್ರಾಂ ಮದ್ಯಸಾರ ದೇಹ ಸೇರುತ್ತದೆ. ಯಕೃತ್ತು ಗಂಟೆಗೆ ಸುಮಾರು 7ರಿಂದ 10 ಗ್ರಾಂ ಮಾತ್ರ ಕರಗಿಸಬಲ್ಲದು. ಹತ್ತು ಗಂಟೆಗೆ ಕುಡಿದದ್ದು ಬೆಳಗಿನ ಜಾವ ಎರಡು–ನಾಲ್ಕು ಗಂಟೆಯ ನಡುವೆ ಖಾಲಿಯಾಗುತ್ತದೆ. ಅದುವರೆಗೆ ಮಂಪರಿನಲ್ಲಿದ್ದ ಮಿದುಳು ಆಗ ಒಮ್ಮೆಲೇ ಉದ್ರೇಕಗೊಳ್ಳುತ್ತದೆ. ಮದ್ಯವು ರಾತ್ರಿಯ ಮೊದಲರ್ಧದಲ್ಲಿ ಗಾಢ ನಿದ್ರೆ ತರುವಂತೆ ಕಂಡರೂ, ಕನಸು ಬೀಳುವ ಹಂತದ ನಿದ್ರೆಯನ್ನು ಕಡಿತಗೊಳಿಸಿ, ಉತ್ತರಾರ್ಧವನ್ನು ತುಂಡುತುಂಡಾಗಿಸುತ್ತದೆ. ಗಂಟಲಿನ ಸ್ನಾಯುಗಳು ಸಡಿಲಗೊಂಡು ಗೊರಕೆ ಹೆಚ್ಚುವುದು, ಪದೇಪದೇ ಮೂತ್ರಕ್ಕೆ ಏಳಬೇಕಾಗುವುದು ಕೂಡ ಇದರಿಂದಲೇ.

ಇನ್ನು ಹುಳಿತೇಗು. ಅನ್ನನಾಳವು ಜಠರವನ್ನು ಸೇರುವಲ್ಲಿ ಕವಾಟದಂತೆ ಮುಚ್ಚಿಕೊಂಡಿರುವ ಸ್ನಾಯುವನ್ನು ಮದ್ಯ ಸಡಿಲಿಸುತ್ತದೆ. ಹೊಟ್ಟೆ ತುಂಬಿರುವಾಗಲೇ ಮಲಗಿದರೆ ಆಮ್ಲ ಸಲೀಸಾಗಿ ಮೇಲೇರುತ್ತದೆ. ಎಚ್ಚರವಿರುವಾಗ ನಾವು ನುಂಗುವ ಜೊಲ್ಲು ಆ ಆಮ್ಲವನ್ನು ತೊಳೆಯುತ್ತಿರುತ್ತದೆ. ನಿದ್ರೆಯಲ್ಲಿ ಜೊಲ್ಲೂ ಕಡಿಮೆ, ನುಂಗುವುದೂ ಅಪರೂಪ. ನಿದ್ರೆಗೆಟ್ಟವರಿಗೆ ಅಷ್ಟೇ ಆಮ್ಲವೂ ಹೆಚ್ಚು ಉರಿ ಎನಿಸುತ್ತದೆಂಬುದನ್ನು ಇಲ್ಲಿ ಮರೆಯಬಾರದು, ಏಕೆಂದರೆ ಉರಿ ನಿದ್ರೆಯನ್ನು ಕೆಡಿಸುತ್ತ, ನಿದ್ರಾಹೀನತೆ ಉರಿಯನ್ನು ಹೆಚ್ಚಿಸುತ್ತ ಹೋಗುತ್ತವೆ.

‘ಮಿತ’ದ ವಿಷಯದಲ್ಲಿ ನಾನು ಸ್ಪಷ್ಟವಾಗಿಯೇ ಹೇಳಬಯಸುತ್ತೇನೆ: ನಿತ್ಯ 40 ಗ್ರಾಂ ಮಿತವಲ್ಲ. ಆರೋಗ್ಯಕ್ಕೆ ಸುರಕ್ಷಿತವೆನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿದೆ.

ನಿದ್ರೆಗಾಗಿ ಕುಡಿಯುವುದನ್ನು ನಿಲ್ಲಿಸಿ. ಮೊದಲ ಕೆಲವು ರಾತ್ರಿ ನಿದ್ರೆ ಇನ್ನಷ್ಟು ಕೆಡಬಹುದು. ಅದಕ್ಕೆ ಹೆದರಿ ಮತ್ತೆ ಪೆಗ್‌ಗೆ ಮರಳಬೇಡಿ. ಪೆಗ್‌ನ ಜಾಗಕ್ಕೆ ನಿದ್ರೆಮಾತ್ರೆಯನ್ನು ನೀವಾಗಿಯೇ ತಂದುಕೊಳ್ಳುವುದೂ ಸಲ್ಲದು, ಮದ್ಯದೊಂದಿಗೆ ಅದು ಸೇರಿದರೆ ಉಸಿರಾಟಕ್ಕೇ ಅಪಾಯ. ರಾತ್ರಿಯ ಊಟ ಮಲಗುವ ಮೂರು ಗಂಟೆ ಮೊದಲೇ ಮುಗಿಯಲಿ; ಮಂಚದ ತಲೆಯ ಭಾಗವನ್ನು ಆರೇಳು ಅಂಗುಲ ಎತ್ತರಿಸಿ, ಎಡಮಗ್ಗುಲಲ್ಲಿ ಮಲಗಿ.

ಆದರೆ ಕುಡಿಯದ ದಿನ ಕೈ ನಡುಗುವುದು, ವಿಪರೀತ ಬೆವರುವುದು ಇದ್ದಲ್ಲಿ ಹಠಾತ್ತನೆ ಬಿಡಬೇಡಿ, ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವಿಭಾಗವಿದೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೂ ಕರೆಮಾಡಬಹುದು. ನುಂಗಲು ಕಷ್ಟವಾಗುವುದು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಎಂಡೋಸ್ಕೋಪಿಯನ್ನು (ಕ್ಯಾಮೆರಾ ಇರುವ ನಳಿಕೆಯಿಂದ ಅನ್ನನಾಳ, ಜಠರಗಳನ್ನು ನೋಡುವ ಪರೀಕ್ಷೆ) ಮುಂದೂಡಬೇಡಿ. ಮಲ ಡಾಂಬರಿನಂತೆ ಕಪ್ಪಾಗಿದ್ದರೆ ಅಥವಾ ರಕ್ತ ವಾಂತಿಯಾದರೆ ಕೂಡಲೇ ಆಸ್ಪತ್ರೆಗೆ ಹೋಗಿ.